ದೊಡ್ಡದು ಮಾಡಿ ನೋಡದ ಫೋಟೊ

ನಮ್ಮ ಮನೆಯವರಿಗೆ ಪಿಸುಗುಟ್ಟಲು ಬರುವುದಿಲ್ಲ. ಹೊಸನಗರದ ಪೇಟೆಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ಮದುವೆಯಾಗಿ ಬಂದಂದಿನಿಂದ ನೋಡಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೋಟಾರು ಹೊಡೆದುಕೊಳ್ಳುತ್ತಿರುತ್ತದೆ. ಅದರ ಮೇಲೆ ಕೇಳಿಸುವ ಹಾಗೆ ಮಾತಾಡಿ ಮಾತಾಡಿ, ಮಿಲ್ಲು ನಿಂತ ದಿನವೂ ನಮ್ಮವರ ಗಂಟಲು ಇಳಿಯುವುದಿಲ್ಲ. ಹೊಸದಾಗಿ ಬಂದಾಗ, ಇವರೆಲ್ಲ ಹೊಡೆದಾಟಕ್ಕೆ ನಿಂತಿದ್ದಾರೆ ಎಂದು ಹೆದರಿ ಅಡುಗೆಮನೆ ಮೂಲೆ ಹಿಡಿದಿದ್ದೆ. ಅವರು ಕೇಳುತ್ತಿದ್ದದ್ದು ಪಲ್ಯಕ್ಕೆ ಬೀನ್ಸೋ ಬದನೆಯೋ ಎಂದು. ಈಗ ಎಲ್ಲರಿಗಿಂತ ನಾನೇ ಜೋರು.

ಮನೆಯಲ್ಲಿರುವವರು ಅತ್ತೆ, ಭಾವ, ಭಾವನ ಹೆಂಡತಿಯಾದ ನನ್ನ ಓರಗಿತ್ತಿ, ನಮ್ಮನೆಯವರು ಮತ್ತು ನಾನು. ನಾದಿನಿಯನ್ನು ತೀರ್ಥಹಳ್ಳಿಗೆ ಕೊಟ್ಟಿದೆ. ಅಲ್ಲೊಂದು ಸೊಸೈಟಿಯಲ್ಲಿ ಅವಳಿಗೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಹಾಗಾಗಿ ಫೋನಿಗೆ ಸಂಬಂಧಪಟ್ಟ ಎಲ್ಲ ಕಾಯಿಲೆಗಳಿಗೂ ಅವಳೇ ವೈದ್ಯೆ. ಮಕ್ಕಳು ಓದಲು ಹೊರಗಿದ್ದಾರೆ. ಅವರು ಜಾಣರು, ಅವರ ಫೋನು ಅವರದ್ದು. ಈ ಸಂಗತಿಯಲ್ಲಿ ಅವರು ಬರುವುದಿಲ್ಲ.

ಇನ್ನೊಬ್ಬಳನ್ನು ಈಗಲೇ ಹೇಳಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಬ್ಲೌಸು ಹೊಲಿಯುವವಳು ಒಬ್ಬಳಿದ್ದಾಳೆ, ನಾವೆಲ್ಲ ಟೈಲರಕ್ಕ ಎನ್ನುವುದು. ಮದುವೆಯಾದವಳಲ್ಲ, ಒಬ್ಬಳೇ ಇರುತ್ತಾಳೆ. ಅತ್ತೆಗಿಂತ ಎಷ್ಟೋ ಚಿಕ್ಕವಳಾದರೂ ಇಬ್ಬರಿಗೂ ಭಾರಿ ಸ್ನೇಹ. ಮಧ್ಯಾಹ್ನದ ನಿದ್ದೆ ಮುಗಿಸಿ ಅತ್ತೆ ದಿನಾ ಅಲ್ಲಿ ಹೋಗಿ ಕೂತು ಬರುತ್ತಾರೆ. ಊರಿನ ಹೆಂಗಸರ ಅಳತೆಯೆಲ್ಲ ಟೈಲರಕ್ಕನ ಹತ್ತಿರ ಇದೆ. ಯಾರ ಸೊಂಟ ಎಷ್ಟು ಹೆಚ್ಚಿತು, ಯಾರ ತೋಳು ಬಿಗಿಯಾಯಿತು ಎಲ್ಲ ಅವಳಿಗೆ ಗೊತ್ತು. ಓರಗಿತ್ತಿಯದು ನನ್ನದಕ್ಕಿಂತ ಹೆಚ್ಚೋ ಕಡಿಮೆಯೋ ಅಷ್ಟು ಹೇಳು ಮಾರಾಯ್ತಿ ಎಂದು ನಾನು ಎಷ್ಟೋ ಸಲ ಗೋಗರೆದಿದ್ದೇನೆ. ಅಂಥ ಪ್ರಶ್ನೆ ಬಂದರೆ ಅವಳು ನಾಲ್ಕು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಳ್ಳುತ್ತಾಳೆ. ಸೂಜಿ ಕಚ್ಚಿಕೊಂಡವಳ ಹತ್ತಿರ ಉತ್ತರ ಕೇಳುವುದು ಹೇಗೆ? ಸುಮ್ಮನೆ ಎದ್ದು ಬರಬೇಕು.

ಈಗ ಫೋಟೊದ ವಿಷಯ. ಒಂದು ಮಳೆಗಾಲ ನೆಂಟರನ್ನು ಕರೆದುಕೊಂಡು ಜೋಗಕ್ಕೆ ಹೋಗಿದ್ದೆವು. ನಮ್ಮನೆಯವರು ಕಟಕಟೆಯಾಚೆ ಕೈ ಚಾಚಿ ಫೋಟೊ ತೆಗೆಯಲು ಹೊರಟರು. ಬೇಡ ಅಂದೆ. ನಾನು ಬೇಡ ಅಂದದ್ದನ್ನು ಮಾಡದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಒದ್ದೆ ಕೈಯಿಂದ ಫೋನು ಜಾರಿ ಕೆಳಗೆ ಹೋಯಿತು. ಸಮಾ ಬೈಯಬೇಕು ಎಂದು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿದೆ. ಆ ಫೋನಿನಲ್ಲಿ ತೀರಿಕೊಂಡ ಮಾವನ ಕಡೆಯ ಫೋಟೊ ಇತ್ತು: ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಮಿಲ್ಲಿನ ಬಾಗಿಲಲ್ಲಿ ನಿಂತು ನಗುತ್ತಿದ್ದದ್ದು. ಬೇರೆ ಎಲ್ಲೂ ಅದರ ಪ್ರತಿ ಇಲ್ಲ ಎಂದೇ ನಾವು ತಿಳಿದಿದ್ದೆವು. ಅತ್ತೆ ಸೆರಗು ಹೊದ್ದುಕೊಂಡು ವ್ಯಾನಿನಲ್ಲಿ ಹೋಗಿ ಕೂತರು.

ಬರುವ ದಾರಿಯಲ್ಲಿ ಸಾಗರದಲ್ಲಿ ಹೊಸ ಫೋನು ಕೊಂಡೆವು. ಹೆದರಬೇಡಿ, ನಾನು ಎಲ್ಲ ಕ್ಲೌಡಿಗೆ ಹಾಕಿಟ್ಟಿದ್ದೇನೆ ಎಂದು ನಾದಿನಿ ತೀರ್ಥಹಳ್ಳಿಯಿಂದ ಫೋನಿನಲ್ಲೇ ಹೇಳಿಕೊಟ್ಟಳು, ಅಂಗಡಿಯವನು ಒತ್ತಿದ. ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಹಾಗೇ ಒಂದೊಂದೇ ಫೋಟೊ ಇಳಿದು ಬಂತು. ಕಡೆಗೆ ಹಿಟ್ಟಿನ ಹುಬ್ಬಿನ ಮಾವನೂ ಬಂದರು. ಅತ್ತೆ ಅಲ್ಲೇ ಅತ್ತರು. ಆವತ್ತಿನಿಂದ ಕ್ಲೌಡು ಅಂದರೆ ಅತ್ತೆಗೆ ದೇವರ ಗೂಡಿಗಿಂತ ಒಂದೇ ಮೆಟ್ಟಿಲು ಕೆಳಗೆ. ಅವರು ಅದನ್ನು ಕರೆಯುವುದು ಅಟ್ಟ ಎಂದು. ಹಳೆ ಪಾತ್ರೆ, ಉಪ್ಪಿನಕಾಯಿ ಭರಣಿ, ಮಕ್ಕಳ ತೊಟ್ಟಿಲು ಎಲ್ಲ ಇಡುವುದು ಅಟ್ಟದಲ್ಲೇ ತಾನೇ? ಯಾವ ಫೋಟೊ ತೆಗೆದರೂ ಅಟ್ಟಕ್ಕೆ ಹೋಯ್ತಾ ಎಂದು ಕೇಳುವುದು ಅವರ ಅಭ್ಯಾಸವಾಯಿತು.

ಅಟ್ಟ ಒಂದೇ ಆದರೆ ಏಣಿ ಎಲ್ಲರದ್ದೂ. ನಾದಿನಿ ಆರು ಜನರಿಗೂ ಬೇರೆ ಬೇರೆ ಖಾತೆ ಮಾಡುತ್ತೇನೆ ಅಂದಾಗ ಭಾವ ಒಪ್ಪಲಿಲ್ಲ. ಒಂದೇ ಬಾವಿಯ ನೀರು ಕುಡಿಯುವವರಿಗೆ ಆರು ಖಾತೆ ಯಾಕೆ ಎಂದು ಅವರ ವಾದ. ಸರಿ, ಎಲ್ಲರ ಫೋನಿಗೂ ಒಂದೇ ಖಾತೆ. ಒಬ್ಬರು ತೆಗೆದ ಫೋಟೊ ಇನ್ನು ಐದು ಫೋನಿನಲ್ಲೂ ಕಾಣಿಸುತ್ತದೆ. ಪಾಸ್‌ವರ್ಡ್ ಮರೆಯಬಾರದು ಎಂದು ಭಾವ ಅದನ್ನು ಮಿಲ್ಲಿನ ಬಾಗಿಲ ಹಿಂದೆ, ಮೋಟಾರು ರಿಪೇರಿಯವನ ನಂಬರಿನ ಕೆಳಗೆ, ಚಾಕ್‌ಪೀಸಿನಲ್ಲಿ ದಪ್ಪಕ್ಕೆ ಬರೆದಿಟ್ಟರು. ನಾದಿನಿ ಅಲ್ಲಿಂದ ಏನಾದರೂ ಸರಿಮಾಡಲು ಹೊರಟರೆ ಭಾವನ ಫೋನಿಗೆ ಒಂದು ಕೋಡು ಬರುತ್ತದೆ. ಅದನ್ನು ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದಿರುತ್ತದೆ. ಭಾವ ಅದನ್ನು ಮೋಟಾರಿನ ಮೇಲೆ ಕೇಳಿಸುವ ಹಾಗೆ ಒಂದೊಂದೇ ಅಂಕಿ ಬಿಡಿಸಿ ಕೂಗುತ್ತಿದ್ದರು. ಅಕ್ಕಿ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತವರು, ಕೇಳಲಿಲ್ಲ ಗೌಡ್ರೆ ಇನ್ನೊಂದ್ಸಲ ಹೇಳಿ ಎಂದು ತಮಾಷೆ ಮಾಡುತ್ತಿದ್ದರು.

ನನಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಮನುಷ್ಯರಿಗೆ ತಮ್ಮದೆನ್ನುವ ಒಂದು ಟ್ರಂಕಾದರೂ ಬೇಡವೇ ಎಂದು ನಾನು ಜಗಳ ತೆಗೆದಿದ್ದೆ. ನಿನಗೆ ಮುಚ್ಚಿಡುವಂಥದ್ದು ಏನಿದೆ ಎಂದು ಎಲ್ಲರೂ ನನ್ನನ್ನೇ ಕೆಕ್ಕರಿಸಿ ನೋಡಿದರು. ಮುಚ್ಚಿಡುವಂಥದ್ದು ಇದ್ದದ್ದು ಬೇರೆಯವರಿಗೆ. ಸಕ್ಕರೆ ಕಾಯಿಲೆಯ ನಮ್ಮನೆಯವರು ಮಿಲ್ಲಿನ ಬೆಲ್ಟು ತರಲೆಂದು ಸಾಗರಕ್ಕೆ ಹೋದವರು ಹೋಟೆಲಿನಲ್ಲಿ ಬೆಣ್ಣೆ ಹಾಕಿಸಿಕೊಂಡ ಮಸಾಲೆ ದೋಸೆಯ ಫೋಟೊ ತೆಗೆದಿದ್ದರು. ಅವರು ಬಸ್ಸು ಇಳಿಯುವ ಮೊದಲೇ ಅದು ನನ್ನ ಕೈಯಲ್ಲಿತ್ತು. ಬಂದವರ ಮುಖ ನೋಡಿ, ಊಟ ಆಯ್ತಾ ಅಂತ ಅಷ್ಟೇ ಕೇಳಿದೆ. ದೋಸೆ ನಾನು ತಿನ್ನಲಿಲ್ಲ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾದಿನಿ ತನ್ನ ಅತ್ತೆಗೆ ಹೇಳದೆ ಕೊಂಡ ರೇಷ್ಮೆ ಸೀರೆಯೂ ಹೀಗೇ ಹೊರಬಿತ್ತು. ನಕ್ಕೆವು, ಮರೆತೆವು, ಏಣಿಯನ್ನು ಯಾರೂ ತೆಗೆಯಲಿಲ್ಲ.

ಹೀಗಿರುವಾಗ ಆ ಫೋಟೊ ಬಂತು. ನಾನು ಕಾಫಿ ಕುಡಿಯುತ್ತ ಫೋನು ತಿರುವುತ್ತಿದ್ದೆ. ನಮ್ಮ ಅಡುಗೆಮನೆಯ ಕಿಟಕಿ, ಅದರ ಬೆಳಕಿಗೆ ಹಿಡಿದ ಒಂದು ಕಪ್ಪು ಸ್ಕ್ಯಾನಿಂಗ್ ಫಿಲ್ಮು. ಹಿಡಿದಿದ್ದು ಅತ್ತೆಯ ಕೈ. ಎಷ್ಟೋ ವರ್ಷದ ಹಿಂದೆ ಮಿಲ್ಲಿನ ಬೆಲ್ಟು ತಾಗಿ ಆದ ಗಾಯದ ಗುರುತು ಮಣಿಕಟ್ಟಿನಲ್ಲಿ ಕಾಣುತ್ತಿತ್ತು. ಫಿಲ್ಮಿನ ನಡುವೆ ಯಾರೋ ಪೆನ್ನಿನಲ್ಲಿ ದುಂಡಗೆ ಗುರುತು ಮಾಡಿದ್ದರು. ಅದರ ಒಳಗೆ ಬೆಳ್ಳಗೆ ಒಂದು ಗಡ್ಡೆ. ಓದಿದವಳಲ್ಲದಿದ್ದರೂ ಅಷ್ಟು ತಿಳಿಯುತ್ತದೆ. ಕಾಫಿ ಲೋಟ ಕೆಳಗಿಟ್ಟೆ. ಅತ್ತೆ ಆ ಹೊತ್ತಿಗೆ ಹಿತ್ತಿಲಲ್ಲಿ ಬಸಳೆಗೆ ಕೋಲು ಊರುತ್ತ ಬೆಕ್ಕಿಗೆ ಬೈಯುತ್ತಿದ್ದರು. ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಕ್ಕಿಗೆ ಬೈಯುವುದಕ್ಕೆ ಇವರಿಗೆ ಹೇಗೆ ಸಾಧ್ಯ ಎಂದು ನನಗೆ ಅಳು ಬಂತು.

ಅವರೇ ಹೇಳಲಿ, ಹೇಳುವ ತನಕ ನಾನು ಬಾಯಿ ಬಿಡಬಾರದು ಎಂದುಕೊಂಡೆ. ಗಂಡನಿಗೂ ಹೇಳಲಿಲ್ಲ. ತಮಾಷೆ ಎಂದರೆ, ಆರು ಫೋನಿನಲ್ಲೂ ಇದ್ದ ಫೋಟೊವನ್ನು ಎಲ್ಲರೂ ನೋಡಿದ್ದರು, ಎಲ್ಲರೂ ನನ್ನ ಹಾಗೇ ಯೋಚಿಸಿದ್ದರು. ಬೇರೆಯವರಿಗೆ ಗೊತ್ತಿಲ್ಲ, ನನಗೆ ಮಾತ್ರ ಗೊತ್ತಿರುವುದು ಎಂದು ಪ್ರತಿಯೊಬ್ಬರೂ ನಂಬಿದ್ದರು. ನಮ್ಮನೆಯವರು ಮಿಲ್ಲಿನಿಂದ ಎದ್ದು ಹೋಗಿ ಸೇಬು ತಂದರು. ಓರಗಿತ್ತಿ ಅತ್ತೆಯ ಕೈಯಿಂದ ಬಿಂದಿಗೆ ಕಿತ್ತುಕೊಂಡಳು. ನಾನು ನೀರುದೋಸೆಗೆ ಎರಡು ಬಗೆ ಚಟ್ನಿ ಮಾಡಿದೆ. ಭಾವ ಅತ್ತೆಯ ಹತ್ತಿರ ಬಂದು, ನಗರದ ಕೋಟೆ ನೋಡಿ ಬಹಳ ದಿನ ಆಯ್ತಲ್ಲ ಅವ್ವ, ಹೋಗಿ ಬರಾನಾ ಎಂದರು. ಕೋಟೆ ಎಲ್ಲೋ ಓಡಿ ಹೋಗ್ತದೇನೋ ಎಂದು ಅತ್ತೆ ಅವರನ್ನು ವಿಚಿತ್ರವಾಗಿ ನೋಡಿದರು. ನಾದಿನಿಯಂತೂ ರಜೆ ಹಾಕಿ ತೀರ್ಥಹಳ್ಳಿಯಿಂದ ಬಂದೇಬಿಟ್ಟಳು. ಯಾಕೆ ಬಂದೆ ಎಂದರೆ ಕೊತ್ತಂಬರಿ ಪುಡಿ ಮಾಡಿಸೋದಿತ್ತು ಎಂದಳು. ತೀರ್ಥಹಳ್ಳಿಯಲ್ಲಿ ಮಿಲ್ಲೇ ಇಲ್ಲವೇನೋ ಅನ್ನುವ ಹಾಗೆ. ಬಂದವಳು ಅವ್ವನನ್ನು ಅಪ್ಪಿಕೊಂಡು, ಕಣ್ಣೀರು ಬಂದದ್ದಕ್ಕೆ ಮಿಲ್ಲಿನ ಮೆಣಸಿನ ಘಾಟು ಎಂದು ನೆಪ ಹೇಳಿ, ಸಂಜೆ ಬಸ್ಸಿಗೆ ವಾಪಸು ಹೋದಳು.

ಅತ್ತೆ ದಡ್ಡರಲ್ಲ. ಎರಡು ಬಗೆ ಚಟ್ನಿ ನೋಡಿದಾಗಲೇ ಅವರಿಗೆ ಅನುಮಾನ ಬಂದಿತ್ತು. ನಿಮಗೆಲ್ಲ ಎಂತ ಆಗಿದೆ, ಜೋಯಿಸರು ಏನಾದ್ರೂ ಹೇಳಿದ್ರಾ ಎಂದು ಕೇಳಿದರು. ಏನಿಲ್ಲ ಏನಿಲ್ಲ ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು.

ಗುಟ್ಟು ಒಡೆದದ್ದು ಕರೆಂಟಿನಿಂದ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮಿಲ್ಲಿನಲ್ಲಿ ಗಿರಾಕಿಗಳು ಇರಲಿಲ್ಲ, ಭಾವ ಕಡೆಯ ರಾಗಿ ಬೀಸುತ್ತಿದ್ದರು. ಹೊಟ್ಟೆಯೊಳಗಿನ ಗುಟ್ಟನ್ನು ಅವರಿಗೆ ಇನ್ನು ತಡೆಯಲಾಗಲಿಲ್ಲ. ಹೆಂಡತಿಯನ್ನು ಕರೆದು, ಮೋಟಾರಿನ ಮರೆಯಲ್ಲಿ ಗುಟ್ಟಾಗಿ ಹೇಳಬೇಕೆಂದು ಹೊರಟರು. ಅವರ ಗುಟ್ಟು ಅಂದರೆ ನಿಮಗೆ ಗೊತ್ತಾಯಿತಲ್ಲ. ಅದೇ ಗಳಿಗೆಗೆ ಕರೆಂಟು ಹೋಯಿತು. ಮೋಟಾರು ಉಸಿರು ಬಿಟ್ಟು ನಿಂತಿತು, ಭಾವನ ಬಾಯಿ ನಿಲ್ಲಲಿಲ್ಲ.

"ಅವ್ವನಿಗೆ ಗಡ್ಡೆ ಕಣೆ, ಯಾರಿಗೂ ಹೇಳಬೇಡ!"

ಮನೆ ಪೂರ್ತಿ ಕೇಳಿತು. ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ನಡುವಿನ ಬಾಗಿಲಿಗೆ ಬಂದರು. ಯಾವ ಗಡ್ಡೆ ಎಂದು ಕೇಳಿದರು. ಭಾವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನು ಫೋನು ತಂದು ಅತ್ತೆಯ ಮುಂದೆ ಹಿಡಿದೆ. ಅವರು ನೋಡಿದರು. ಇದು ನಿನ್ನ ಫೋನಿಗೆ ಹೇಗೆ ಬಂತು ಎಂದರು. ಎಲ್ಲರ ಫೋನಿಗೂ ಬಂದಿದೆ ಅತ್ತೆ, ಅಟ್ಟ ಎಲ್ಲರದ್ದೂ ಒಂದೇ ಅಲ್ವಾ ಎಂದೆ. ಅವರು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು.

"ಅದು ನಂದಲ್ಲ" ಎಂದರು.

ಅಬ್ಬಾ, ಆ ಮಾತು ಕೇಳಿ ನಮಗಾದ ಸಂತೋಷ! ಭಾವ ಅಳುತ್ತಲೇ ನಗತೊಡಗಿದರು, ನಮ್ಮನೆಯವರು ಓರಗಿತ್ತಿಗೂ ನನಗೂ ಒಟ್ಟಿಗೆ ಬೆನ್ನು ತಟ್ಟಿದರು. ಅತ್ತೆ ಮಾತ್ರ ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಒಬ್ಬ ಹೆಂಗಸು ಆ ಫಿಲ್ಮನ್ನು ನನಗೆ ಇಟ್ಟುಕೊಳ್ಳಲು ಕೊಟ್ಟಿದ್ದಾಳೆ ಎಂದು ಹೇಳಿದರು. ಅವಳ ಜಾಗದಲ್ಲಿ ಜನ ಬಂದು ಹೋಗಿ ಮಾಡುತ್ತಾರೆ, ಯಾರ ಕಣ್ಣಿಗಾದರೂ ಬಿದ್ದೀತೆಂದು ಭಯ. ಸಾಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ಕೆಟ್ಟದ್ದೋ ಅಲ್ಲವೋ ಆಮೇಲೆ ಗೊತ್ತಾಗುವುದು. ಊರಿಗೆ ತಿಳಿದರೆ ನಾನು ಊರು ಬಿಡುತ್ತೇನೆ ಅಕ್ಕಾ ಎಂದಿದ್ದಳಂತೆ. ಅತ್ತೆ ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಆಮೇಲೆ ಅವರಿಗೆ ನಮ್ಮ ಮಳೆಗಾಲದ ನೆನಪಾಯಿತು. ಟ್ರಂಕಿನಲ್ಲಿಟ್ಟಿದ್ದಕ್ಕೂ ಬೂಷ್ಟು ಹಿಡಿಯುವ ಊರು. ಅವಳ ಫಿಲ್ಮು ನನ್ನ ಕೈಯಲ್ಲಿ ಹಾಳಾದರೆ ಏನು ಗತಿ ಎಂದು ಹೆದರಿ, ಭದ್ರವಾಗಿರಲಿ ಎಂದು ಒಂದು ಫೋಟೊ ತೆಗೆದು ಅಟ್ಟಕ್ಕೆ ಹಾಕಿದ್ದರು.

ಟ್ರಂಕಿಗೆ ಬೀಗ ಹಾಕಿ ಆರು ಫೋನಿಗೆ ಹಂಚಿದ ಹಾಗಾಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅತ್ತೆ ಆ ಮಟ್ಟಿಗೆ ಕುಸಿದು ಕೂತದ್ದನ್ನು ನಾನು ಮಾವ ಹೋದ ದಿನ ಬಿಟ್ಟರೆ ಇನ್ನೊಮ್ಮೆ ನೋಡಿರಲಿಲ್ಲ.

ಅಷ್ಟರಲ್ಲಿ ನಾನು ಒಂದು ಗಮನಿಸಿದೆ. ನಮ್ಮನೆಯವರ ಕೈ ಅಂಗಿಯ ಜೇಬಿಗೆ ಹೋಗುತ್ತಿತ್ತು. ಭಾವನ ಕೈಯೂ. ಓರಗಿತ್ತಿ ಫೋನು ತರಲು ಒಳಗೆ ಹೊರಟಿದ್ದಳು. ನನ್ನ ಹೆಬ್ಬೆರಳು ಫೋಟೊದ ಮೂಲೆಗೆ ಆಗಲೇ ಹೋಗಿತ್ತು. ಫಿಲ್ಮಿನ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಬಿಳಿ ಅಕ್ಷರಗಳಿದ್ದವು. ಅತ್ತೆಯ ಕೈ ನೋಡಿದ ಗಾಬರಿಯಲ್ಲಿ ನಾವು ಯಾರೂ ಅದನ್ನು ದೊಡ್ಡದು ಮಾಡಿ ನೋಡಿರಲಿಲ್ಲ. ಎರಡು ಬೆರಳು ಅಗಲಿಸಿದರೆ ಸಾಕು, ಹೆಸರು ಬರುತ್ತಿತ್ತು.

ಅತ್ತೆ ಸೌಟು ಕೆಳಗಿಟ್ಟರು. ಅವರ ದನಿ ತಗ್ಗಿತ್ತು, ಆ ಮನೆಯಲ್ಲಿ ನಾನು ಕೇಳಿದ ಅತಿ ಸಣ್ಣ ದನಿ ಅದು.

"ಅವಳು ನನ್ನನ್ನ ನಂಬಿ ಕೊಟ್ಟಿದ್ದಾಳೆ. ದೊಡ್ಡದು ಮಾಡಿ ನೋಡಿದೋರು ನನ್ನ ಕೈಯಿಂದ ಅನ್ನ ಹಾಕಿಸ್ಕೊಬೇಡಿ."

ಅಕ್ಕಿ ಕೇರುವ ಮೊರ ಅಲ್ಲೇ ಇತ್ತು. ನಾನೇ ಮೊದಲು ನನ್ನ ಫೋನನ್ನು ಅದರಲ್ಲಿ ಕವುಚಿ ಹಾಕಿದೆ. ಆಮೇಲೆ ಒಬ್ಬೊಬ್ಬರೇ ಹಾಕಿದರು. ಭಾವ ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದರು. ಅವರಿಗೆ ಅವರ ಮೇಲೇ ನಂಬಿಕೆ ಇರಲಿಲ್ಲ. ಅತ್ತೆ ತಮ್ಮ ಫೋನಿನಿಂದ ನಾದಿನಿಗೆ ಮಾಡಿದರು. ನೀನು ದೊಡ್ಡದು ಮಾಡಿ ನೋಡಿದ್ಯಾ ಎಂದು ಮೊದಲ ಪ್ರಶ್ನೆ. ಇಲ್ಲವ್ವ, ನಿನ್ನ ಕೈ ಕಂಡೇ ಅಳು ಬಂತು, ಮತ್ತೆ ನೋಡೋಕೆ ಧೈರ್ಯ ಆಗಲಿಲ್ಲ ಎಂದಳು ಅವಳು. ಹಾಗಾದರೆ ನೋಡದೆ ತೆಗೆ ಎಂದರು. ತೆಗೆಯಲು ಹೊರಟಾಗ ಕೋಡು ಬಂತು. ಮೊರದಲ್ಲಿದ್ದ ಭಾವನ ಫೋನು ಟಿಣ್ ಅಂದಿತು. ಭಾವ ಅದನ್ನು ಎತ್ತಿಕೊಂಡು, ಅತ್ತೆಯ ಫೋನಿಗೆ ಬಾಯಿ ಹತ್ತಿಸಿ, ಅಂಗೈ ಅಡ್ಡ ಹಿಡಿದು, ಹುಟ್ಟಿದಂದಿನಿಂದ ಮೊದಲನೇ ಸಲ ಪಿಸುಗುಟ್ಟಿದರು. ಪಕ್ಕದಲ್ಲೇ ನಿಂತಿದ್ದ ನನಗೇ ಕೇಳಲಿಲ್ಲ. ನಾದಿನಿ ಮಾತ್ರ, ಎಂತ ಅಣ್ಣ, ಜೋರಾಗಿ ಹೇಳು ಎಂದಳು.

ಫೋಟೊ ಹೋಯಿತು. ಅಳಿಸಿದ್ದು ಮೊದಲು ಅಲ್ಲಿನದೇ ಒಂದು ಕಸದ ಬುಟ್ಟಿಗೆ ಬೀಳುತ್ತದಂತೆ, ಆ ಬುಟ್ಟಿಯನ್ನೂ ನಾದಿನಿ ಬರಿದು ಮಾಡಿದಳು. ಪೂರ್ತಿ ಹೋಯ್ತಾ ಎಂದು ಅತ್ತೆ ಕೇಳಿದರು. ನಮ್ಮ ಕೈಗೆ ಸಿಗುವ ಕಡೆಯಿಂದೆಲ್ಲ ಹೋಯಿತು, ಆ ಕಂಪನಿಯವರ ಯಂತ್ರದೊಳಗೆ ಎಷ್ಟು ದಿನ ಎಲ್ಲಿ ಉಳಿಯುತ್ತದೆ ಎಂದು ನಾನು ಆಣೆ ಹಾಕಿ ಹೇಳಲಾರೆ ಎಂದಳು ನಾದಿನಿ. ಅವಳು ಸುಳ್ಳು ಹೇಳುವವಳಲ್ಲ. ಅತ್ತೆ, ಆ ಕಂಪನಿಯವರಿಗೆ ಹೊಸನಗರದಲ್ಲಿ ಯಾರ ಪರಿಚಯ ಇದೆ, ಅವರ ಹೆದರಿಕೆ ನನಗಿಲ್ಲ, ನನಗೆ ಹೆದರಿಕೆ ಇರುವುದು ನಿಮ್ಮದು ಎಂದರು. ನನಗೆ ಸುಮ್ಮನಿರಲಾಗಲಿಲ್ಲ. ಪರಿಚಯ ಇಲ್ಲದವರಿಗೆ ದಾಕ್ಷಿಣ್ಯವೂ ಇರುವುದಿಲ್ಲ ಅತ್ತೆ, ನಾವಾದರೆ ನಿಮ್ಮ ಅನ್ನಕ್ಕೆ ಹೆದರುತ್ತೇವೆ, ಅವರು ಯಾರ ಅನ್ನಕ್ಕೆ ಹೆದರುತ್ತಾರೆ ಎಂದೆ. ಅದೂ ಹೌದು ಎಂದರು.

ಆ ಮಧ್ಯಾಹ್ನ ಊಟದ ಎಲೆಯ ಮುಂದೆ ದೊಡ್ಡ ಪಂಚಾಯ್ತಿಯೇ ಆಯಿತು. ಕ್ಲೌಡೇ ಬೇಡ, ಎಲ್ಲ ತೆಗೆದುಬಿಡಾನ ಎಂದರು ಭಾವ. ತೆಗೆದರೆ ಅಪ್ಪ ಎಲ್ಲಿ ಹೋಗ್ತಾರೆ ಎಂದರು ನಮ್ಮನೆಯವರು. ಎಲ್ಲರಿಗೂ ಹಿಟ್ಟಿನ ಹುಬ್ಬು ನೆನಪಾಯಿತು. ಕಡೆಗೆ ತೀರ್ಪು ಕೊಟ್ಟದ್ದು ಅತ್ತೆ. ನಮ್ಮದು ಏನು ಬೇಕಾದರೂ ಅಟ್ಟಕ್ಕೆ ಹೋಗಲಿ, ಹೊರಬಿದ್ದರೆ ನಮ್ಮ ಮಾನ ತಾನೇ ಹೋಗುವುದು, ತಡೆದುಕೊಳ್ಳುತ್ತೇವೆ. ಇನ್ನೊಬ್ಬರು ಇಟ್ಟುಕೋ ಎಂದು ಕೊಟ್ಟದ್ದಕ್ಕೆ ಬೂಷ್ಟು ಹಿಡಿದರೂ ಚಿಂತೆಯಿಲ್ಲ, ಅವರನ್ನ ಕೇಳದೆ ಮೇಲೆ ಹಾಕಬಾರದು. ಅದರ ಜೊತೆಗೆ ಎಲ್ಲರಿಗೂ ಬೇರೆ ಬೇರೆ ಖಾತೆ ಆಗಲಿ ಎಂದೂ ಹೇಳಿದರು. ನಾನು ಇದನ್ನೇ ಬಾಯಿ ಬಡಿದುಕೊಂಡದ್ದು ಎಂದೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಭಾವ ಎದ್ದು ಹೋಗಿ ಒದ್ದೆ ಬಟ್ಟೆಯಿಂದ ಬಾಗಿಲ ಹಿಂದಿನ ಚಾಕ್‌ಪೀಸು ಒರೆಸಿದರು. ಅದರ ಜೊತೆ ರಿಪೇರಿಯವನ ನಂಬರೂ ಹೋಯಿತು.

ಊಟ ಮುಗಿಸಿ, ಆವತ್ತು ನಿದ್ದೆಯನ್ನೂ ಮಾಡದೆ, ಅತ್ತೆ ಎಂದಿನ ಹಾಗೆ ಕೊಡೆ ಹಿಡಿದು ಹೊರಗೆ ಹೋದರು. ಆ ಹೆಂಗಸಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ ಬರಬೇಕು, ಮುಚ್ಚಿಟ್ಟರೆ ಅದು ಎರಡನೇ ತಪ್ಪು ಎಂದು ಹೇಳಿಯೇ ಹೋದರು. ಬಂದಾಗ ಅವರ ಮುಖ ಇನ್ನೂ ಸಣ್ಣದಾಗಿತ್ತು. ಅವಳು ಏನಂದಳು ಎಂದು ಕೇಳಬೇಕೆಂದು ನನ್ನ ನಾಲಗೆ ತುರಿಸಿತು, ಕೇಳಲಿಲ್ಲ.

ಇನ್ನು ನಮ್ಮ ಪಾಡು. ಯಾರೆಂದು ಗೊತ್ತಿಲ್ಲ, ಆದರೆ ಊರಿನ ಯಾವಳೋ ಒಬ್ಬಳು ಅಂಥ ಕಷ್ಟದಲ್ಲಿದ್ದಾಳೆ ಎಂದು ಗೊತ್ತು. ಮಿಲ್ಲಿಗೆ ಬರುವ ಪ್ರತಿ ಹೆಂಗಸೂ ಅವಳೇ ಇರಬಹುದು. ಭಾವನಿಗೆ ಮಿಲ್ಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ, ಅದು ಅವರ ಸಿಂಹಾಸನ. ತಹಶೀಲ್ದಾರರು ಬಂದರೂ ಅದರಿಂದ ಎದ್ದವರಲ್ಲ. ಅಂಥವರು ಈಗ ಯಾವ ಹೆಂಗಸು ಡಬ್ಬಿ ಹಿಡಿದು ಬಂದರೂ ಎದ್ದು, ಕುರ್ಚಿ ಒರೆಸಿ, ಕೂತ್ಕೊಳಿ ಎನ್ನುತ್ತಿದ್ದರು. ಡಬ್ಬಿಯನ್ನು ತಾವೇ ಎತ್ತಿ ಮಿಲ್ಲಿನ ಬಾಯಿಗೆ ಸುರಿಯುತ್ತಿದ್ದರು. ನಮ್ಮನೆಯವರು ಕುಡಿಯಲು ಬಿಸಿನೀರು ಕೊಡುತ್ತಿದ್ದರು. ಓರಗಿತ್ತಿ ಅಕ್ಕಿಹಿಟ್ಟು ಸಣ್ಣಗೆ ಸೋಸಿಕೊಡಲಾ ಎಂದು ಕೇಳುತ್ತಿದ್ದಳು. ಹುಲಿಕಲ್ ಕಡೆಯಿಂದ ಬರುವ ಒಬ್ಬಾಕೆ ಇದ್ದಾಳೆ, ಮಹಾ ಜಗಳಗಂಟಿ. ತನ್ನ ಅಕ್ಕಿಹಿಟ್ಟಿಗೆ ಮೆಣಸಿನ ಪುಡಿ ಬೆರೆಸಿದಿರಿ ಎಂದು ಬಸ್‌ಸ್ಟ್ಯಾಂಡಿನ ತನಕ ಕೇಳುವಂತೆ ಕೂಗಾಡಿದ್ದಳು. ಆವತ್ತಿನಿಂದ ಅವಳಿಗೂ ಭಾವನಿಗೂ ಮಾತಿಲ್ಲ. ಅವಳಿಗೂ ಭಾವ ಕುರ್ಚಿ ಕೊಟ್ಟರು. ಅವಳು ಕುರ್ಚಿಯ ನಾಲ್ಕು ಕಾಲನ್ನೂ ಅಲ್ಲಾಡಿಸಿ ನೋಡಿ, ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತಳು. ಮಿಲ್ಲಿನವರಿಗೆ ಏನೋ ಆಗಿದೆ ಎಂದು ಊರಿನಲ್ಲಿ ಮಾತಾಯಿತು.

ಸ್ವಲ್ಪ ದಿನದ ಮೇಲೆ ಅತ್ತೆ ಚೀಲ ಕಟ್ಟಿಕೊಂಡು ಸಾಗರಕ್ಕೆ ಹೊರಟರು. ಬರುವುದು ತಡವಾಗುತ್ತದೆ ಎಂದಷ್ಟೇ ಹೇಳಿದರು. ನಾನು ಗಂಜಿಗೆ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟೆ. ನಮ್ಮ ಮನೆಯ ಇತಿಹಾಸದಲ್ಲಿ ಮೊದಲ ಬಾರಿಗೆ, ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಆ ದಿನಗಳಲ್ಲಿ ಪೇಟೆಯಲ್ಲಿ ಯಾವ ಯಾವ ಬಾಗಿಲು ಹಾಕಿತ್ತು, ಯಾರು ಯಾರು ಊರಲ್ಲಿರಲಿಲ್ಲ ಎಂದು ಲೆಕ್ಕ ಹಾಕಬಹುದಿತ್ತು. ಎರಡು ಎರಡು ಕೂಡಿಸಿದರೆ ನಾಲ್ಕು ಎಂದು ನಮಗೂ ಬರುತ್ತದೆ. ಕೂಡಿಸಲಿಲ್ಲ. ಎರಡು ಬೆರಳು ಅಗಲಿಸುವುದೂ ಅದೂ ಒಂದೇ ಎಂದು ನನಗನ್ನಿಸಿತ್ತು. ಉಳಿದವರಿಗೂ ಹಾಗೇ ಅನ್ನಿಸಿರಬೇಕು.

ಅತ್ತೆ ಬಂದಾಗ ಬಳಲಿದ್ದರು, ಆದರೆ ಬಂದ ಕೂಡಲೇ ಬೆಕ್ಕಿಗೆ ಬೈದರು. ಒಳ್ಳೆಯದೇ ಆಗಿದೆ ಎಂದು ನಮಗೆ ಅಷ್ಟರಲ್ಲೇ ಗೊತ್ತಾಯಿತು.

ಮಳೆ ಕಳೆದು ನಾದಿನಿಯ ಮನೆಯಲ್ಲೊಂದು ಪೂಜೆ ಬಂತು. ನಾನು ಬ್ಲೌಸಿನ ಬಟ್ಟೆ ಹಿಡಿದು ಟೈಲರಕ್ಕನ ಅಂಗಡಿಗೆ ಹೋದೆ. ಅವಳು ಸ್ವಲ್ಪ ಇಳಿದಿದ್ದಳು, ಕಣ್ಣಿನಲ್ಲಿ ಮಾತ್ರ ಕಳೆ ಇತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಟೇಪು ಹಿಡಿದು ತೋಳಿನ ಅಳತೆ ತೆಗೆದಳು, ಬೆನ್ನಿನದು ತೆಗೆದಳು. ಬಾಯಲ್ಲಿ ಎಂದಿನ ಗುಂಡುಸೂಜಿ. ಆಮೇಲೆ ಒಂದೊಂದಾಗಿ ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಅವಳು ತಾನಾಗಿ ಸೂಜಿ ತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಆ ಫೋಟೊ ನಂದು ಮಾರಾಯ್ತಿ" ಎಂದಳು.

ಅವಳೇ ಹೇಳಿದಳು. ಗರ್ಭಕೋಶದಲ್ಲಿ ಗಡ್ಡೆ. ಮದುವೆಯಾಗದವಳಿಗೆ ಗರ್ಭಕೋಶದ ಆಪರೇಷನ್ ಎಂದರೆ ಊರ ಬಾಯಿ ಏನೇನು ಹೊಲಿಯುತ್ತದೆ ಎಂದು ಅವಳಿಗೆ ಗೊತ್ತಿಲ್ಲವೇ? ದಿನಾ ಅವಳ ಅಂಗಡಿಯಲ್ಲೇ ಕೂತು ಅಲ್ಲವೇ ಜನ ಬೇರೆಯವರ ಮಾತಾಡುವುದು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಎಂದಳು. ಅತ್ತೆ ಬಂದು ಎಲ್ಲ ಹೇಳಿದ ದಿನ, ದೊಡ್ಡದು ಮಾಡಿ ಯಾರೂ ನೋಡಲಿಲ್ಲ ಎನ್ನುವುದನ್ನು ಅವಳು ನಂಬಲೇ ಇಲ್ಲ. ಮಿಲ್ಲಿನ ಮನೆಯವರು ನೋಡದೆ ಬಿಡುತ್ತಾರೆಯೇ? ನನ್ನ ಕಥೆ ಮುಗಿಯಿತು ಎಂದುಕೊಂಡು, ಅಂಗಡಿ ಬಿಡುತ್ತೇನೆಂದು ಮಾಲೀಕರಿಗೆ ಹೇಳಿ, ಮೆಷಿನ್ನಿಗೆ ಗೋಣಿ ಕಟ್ಟಿದ್ದಳು. ಹೋಗುವ ಮೊದಲು ಇದ್ದಬದ್ದ ಅಕ್ಕಿ ಬೀಸಿಸಿಕೊಂಡು ಹೋಗೋಣ ಎಂದು ಮಿಲ್ಲಿಗೆ ಬಂದಳು. ಬಂದರೆ ಭಾವ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟರು.

"ಎದೆ ಧಸಕ್ ಅಂತು. ನೋಡಿಬಿಟ್ಟಿದ್ದಾರೆ, ಎಲ್ಲರಿಗೂ ಗೊತ್ತಾಗಿದೆ ಅಂತ. ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಅಷ್ಟರಲ್ಲಿ ಇನ್ನೊಬ್ಬಳು ಬಂದಳಂತೆ. ಭಾವ ಒಳಗಿನಿಂದ ಸ್ಟೂಲು ತಂದು ಅವಳಿಗೆ ಕೊಟ್ಟರು. ಟೈಲರಕ್ಕನ ಹಿಟ್ಟು ಆಯಿತು, ಅವಳಿಗೆ ಏನೋ ಅನ್ನಿಸಿ ಹೋಗದೆ ಬಾಗಿಲ ಹತ್ತಿರ ನಿಂತಳು. ಮತ್ತೊಬ್ಬಳು ಬಂದಳು, ಅವಳಿಗೂ ಕುರ್ಚಿ. ಅವಳು ಹಿಟ್ಟು ತೆಗೆದುಕೊಂಡು ಎದ್ದ ಹೊತ್ತಿಗೆ ಹುಲಿಕಲ್ಲಿನ ಜಗಳಗಂಟಿ ಬಂದಳು.

"ಅವಳಿಗೂ ಎದ್ದು ಕುರ್ಚಿ ಕೊಟ್ಟ ನೋಡು ನಿನ್ನ ಭಾವ, ಆಗ ನನಗೆ ನಂಬಿಕೆ ಬಂತು. ಯಾರು ಅಂತ ಗೊತ್ತಿದ್ದಿದ್ರೆ ಎಲ್ಲರಿಗೂ ಯಾಕೆ ಕೊಡ್ತಿದ್ದ?"

ಅಂಗಡಿಗೆ ವಾಪಸು ಹೋಗಿ ಮೆಷಿನ್ನಿನ ಗೋಣಿ ಬಿಚ್ಚಿದಳಂತೆ. ಆಪರೇಷನ್ ಆಯಿತು, ಗಡ್ಡೆ ಕೆಟ್ಟದ್ದಲ್ಲ ಎಂದರು. ನಾನು ಅಲ್ಲೇ ನಿಂತು ಬ್ಲೌಸಿನ ಹೊಸ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ. ಬಣ್ಣ ಬಿಡುತ್ತದೆ ಕಣೆ, ಇಲ್ಲಿ ಕೊಡು ಎಂದು ಕಿತ್ತುಕೊಂಡಳು. ಇದನ್ನು ಈಗ ಬರೆಯಲು ಅವಳ ಅಪ್ಪಣೆ ಇದೆ. ಬರಿ, ಹೆಸರು ಮಾತ್ರ ಯಾರದ್ದೂ ಬೇಡ ಎಂದಿದ್ದಾಳೆ. ಆವತ್ತು ಮಾತ್ರ, ನಿನಗೆ ಹೇಳಬೇಕು ಅನ್ನಿಸ್ತು, ಹೇಳಿದೆ ಎಂದಷ್ಟೇ ಹೇಳಿ ಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು. ಸೊಂಟಕ್ಕೆ ಟೇಪು ಸುತ್ತಿ ನೋಡಿ ಬರೆದುಕೊಂಡಳು. ಎಷ್ಟು ಹೆಚ್ಚಿದೆ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಾಗ ಮಿಲ್ಲು ಓಡುತ್ತಿತ್ತು, ಪಾಳಿಯಲ್ಲಿ ಜನ ಇದ್ದರು. ಭಾವ ಕುರ್ಚಿ ಬಿಟ್ಟುಕೊಟ್ಟು ನಿಂತೇ ಇದ್ದರು, ಆ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ನನ್ನ ಕೆಂಪು ಕಣ್ಣು ನೋಡಿ, ಟೈಲರಕ್ಕ ಎಂತ ಹೇಳಿದ್ಲು ಎಂದು ಮೋಟಾರಿನ ಮೇಲೆ ಕೂಗಿ ಕೇಳಿದರು. ಒಳಗಿನ ಬಾಗಿಲಲ್ಲಿ ಅತ್ತೆ ನನ್ನನ್ನೇ ನೋಡುತ್ತ ನಿಂತಿದ್ದರು.

"ಬ್ಲೌಸು ಬುಧವಾರ ಕೊಡ್ತಾಳಂತೆ!" ಎಂದು ನಾನೂ ಕೂಗಿ ಹೇಳಿ ಒಳಗೆ ಹೋದೆ.